ಟೈಲ್ಸ್ ಹಾಕುವ ಮೊದಲು ನೀರು ಕಟ್ಟಿ ನೋಡಿ

ಹೊಸ ಮನೆ ಕಟ್ಟಿಸುವವರು ಬಚ್ಚಲುಮನೆಯ ಟೈಲ್ಸ್ ಆರಿಸಲು ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳನ್ನು ಒಂದಲ್ಲ, ಎರಡು ಸಲ ಸುತ್ತುತ್ತಾರೆ. ಬಣ್ಣ, ಅಳತೆ, ಕಾಲು ಜಾರದ ಮೇಲ್ಮೈ, ಗೋಡೆಯ ನಡುವೆ ಬರುವ ಹೂವಿನ ಪಟ್ಟಿ ಎಲ್ಲವನ್ನೂ ಮನೆಮಂದಿ ಕೂತು ತೀರ್ಮಾನಿಸುತ್ತಾರೆ. ಆ ಟೈಲ್ಸ್ ಅಡಿಯಲ್ಲಿ ಏನು ಬರಬೇಕು ಎಂಬುದನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಗೃಹಪ್ರವೇಶವಾಗಿ ಒಂದೆರಡು ವರ್ಷಕ್ಕೆ ಕೆಳಮನೆಯ ಚಾವಣಿಯಲ್ಲಿ ಹಳದಿ ಕಲೆ ಕಾಣಿಸಿಕೊಂಡಾಗ, ಇಲ್ಲವೇ ಬಚ್ಚಲಿಗೆ ಹೊಂದಿಕೊಂಡ ಮಲಗುವ ಕೋಣೆಯ ಗೋಡೆಯಲ್ಲಿ ಪೇಂಟ್ ಉಬ್ಬಿ ಪುಡಿ ಉದುರತೊಡಗಿದಾಗ, ದೂರೆಲ್ಲ ಟೈಲ್ಸ್ ಮೇಲೆ ಬರುತ್ತದೆ. ನೀರು ತಡೆಯುವುದು ಟೈಲ್ಸ್‌ನ ಕೆಲಸವೇ ಅಲ್ಲ. ಅದರ ಅಡಿಯಲ್ಲಿರುವ ಪದರದ ಕೆಲಸ. ಆ ಪದರ ಸರಿಯಾಗಿ ಕೂತಿದೆಯೇ ಎಂದು, ಟೈಲ್ಸ್ ಮುಚ್ಚುವ ಮೊದಲೇ ನೀರು ನಿಲ್ಲಿಸಿ ನೋಡದಿದ್ದರೆ ಎಷ್ಟು ದುಬಾರಿ ಲೇಪದ ಡಬ್ಬಿ ತಂದು ಬಳಿಸಿದರೂ ಅದನ್ನು ನಂಬಲು ಆಧಾರವಿರುವುದಿಲ್ಲ.

ಟೈಲ್ಸ್ ಎಷ್ಟು ನೀರು ಹೀರುತ್ತದೆ ಎಂಬುದರಿಂದಲೇ ಶುರು ಮಾಡಬಹುದು. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಗೋಡೆಗೆ ಹಾಕುವ ಸಾಧಾರಣ ಸೆರಾಮಿಕ್ ಟೈಲ್ಸ್‌ನ ಹಿಂಬದಿಯ ಮಣ್ಣು ಶೇ 10ಕ್ಕಿಂತ ಹೆಚ್ಚೇ ಹೀರುತ್ತದೆ. ಮುಂಭಾಗದ ಗಾಜಿನಂಥ ಲೇಪ ಮಾತ್ರ ಅದನ್ನು ಕಾಯುತ್ತದೆ. ಎರಡರಲ್ಲೂ ನೀರು ಇಳಿಯುವ ದಾರಿ ಟೈಲ್ಸ್‌ನ ಮೈಯಲ್ಲ, ಎರಡು ಟೈಲ್ಸ್ ನಡುವಿನ ಜಾಯಿಂಟ್. ನಮ್ಮಲ್ಲಿ ಇವತ್ತಿಗೂ ಬಹುಪಾಲು ಮನೆಗಳಲ್ಲಿ ಆ ಜಾಯಿಂಟಿಗೆ ಬಿಳಿ ಸಿಮೆಂಟ್ ತುಂಬುತ್ತಾರೆ. ಅದು ಒಣಗುವಾಗ ಕುಗ್ಗುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ತುಮಕೂರು ಸೀಮೆಯ ಕೊಳವೆಬಾವಿಯ ಗಡಸು ನೀರು ಬೀಳುತ್ತದೆ. ನಲ್ಲಿಯ ಸುತ್ತ, ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟಿದಾಗ ಹಬ್ಬಕ್ಕೆ ಮುಂಚೆ ಆಸಿಡ್ ಸುರಿದು ಉಜ್ಜುವುದು ವಾಡಿಕೆ. ಆ ಆಸಿಡ್ ಪೊರೆಯನ್ನಷ್ಟೇ ತಿನ್ನುವುದಿಲ್ಲ, ಜಾಯಿಂಟಿನ ಸಿಮೆಂಟನ್ನೂ ತಿನ್ನುತ್ತದೆ. ನಾಲ್ಕಾರು ಸಲ ಆಸಿಡ್ ಕಂಡ ಬಚ್ಚಲಿನ ನೆಲದ ಮೇಲೆ ಉಗುರಾಡಿಸಿ ನೋಡಿ: ಜಾಯಿಂಟ್ ಇದ್ದ ಕಡೆ ಸಣ್ಣ ಕಾಲುವೆ ಸಿಗುತ್ತದೆ. ಅಲ್ಲಿ ಇಳಿದ ನೀರು ಅಡಿಯ ಗಾರೆಯಲ್ಲಿ ತುಂಬಿಕೊಂಡು, ಸ್ಲ್ಯಾಬಿನಲ್ಲಿ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಹೊರಬರುತ್ತದೆ.

ನಮ್ಮದು ಬಯಲುಸೀಮೆ, ಮಲೆನಾಡಿನಂತೆ ಮಳೆ ಸುರಿಯುವುದಿಲ್ಲ, ಇಷ್ಟೆಲ್ಲ ಮುತುವರ್ಜಿ ಇಲ್ಲಿ ಯಾಕೆ ಎಂದು ಕೇಳುವವರಿದ್ದಾರೆ. ತುಮಕೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600ರಿಂದ 700 ಮಿಲಿಮೀಟರ್. ಈಗ ಬಚ್ಚಲಿನ ಲೆಕ್ಕ ಹಾಕೋಣ. ಐದಡಿ ಅಗಲ, ಎಂಟಡಿ ಉದ್ದದ ಬಚ್ಚಲು ಎಂದರೆ 40 ಚದರಡಿ, ಅಂದರೆ ಸುಮಾರು 3.7 ಚದರ ಮೀಟರ್. ನಾಲ್ಕು ಜನರ ಸಂಸಾರದಲ್ಲಿ ತಲೆಗೆ ಎರಡು ಬಕೆಟ್‌ನಂತೆ, ಬಕೆಟ್ಟಿಗೆ 20 ಲೀಟರ್ ಹಿಡಿದರೂ ದಿನಕ್ಕೆ 160 ಲೀಟರ್ ಆ ನೆಲಕ್ಕೆ ಬೀಳುತ್ತದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಎಂದರೆ ಒಂದು ಮಿಲಿಮೀಟರ್ ಮಳೆ. ಅಂದರೆ ಬಚ್ಚಲಿನಲ್ಲಿ ಪ್ರತಿದಿನ 43 ಮಿಲಿಮೀಟರ್ ಮಳೆ! ಗುಬ್ಬಿಯ ಹೊಲಕ್ಕೆ ವರ್ಷವಿಡೀ ಬೀಳುವಷ್ಟು ನೀರು ಗುಬ್ಬಿಯ ಬಚ್ಚಲಿಗೆ ಹದಿನೈದೇ ದಿನದಲ್ಲಿ ಬೀಳುತ್ತದೆ. ಬಟ್ಟೆ ಒಗೆಯುವ ನೀರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ತಾರಸಿಗೆ ನೀರು ಸೋರದಂತೆ ಕೆಲಸ ಮಾಡಿಸಲು ಸಾಲ ಮಾಡಿಯಾದರೂ ದುಡ್ಡು ಹೊಂದಿಸುವ ನಾವು, ಅದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ನೆನೆಯುವ ನೆಲವನ್ನು ಮರೆಯುವುದಕ್ಕೆ ಅರ್ಥವಿಲ್ಲ.

ಹಿಂದಿನವರು ಇದನ್ನೆಲ್ಲ ಮಾಡಿದ್ದರೇ ಎಂಬುದು ಇನ್ನೊಂದು ಪ್ರಶ್ನೆ. ಮಾಡಿರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಹಳೆಯ ಬಚ್ಚಲುಮನೆ ಹಿತ್ತಿಲ ಕಡೆ, ನೆಲದ ಮೇಲೆ, ಕಲ್ಲುಚಪ್ಪಡಿ ಹಾಸಿಕೊಂಡು ಇರುತ್ತಿತ್ತು. ಹಂಡೆ, ಒಲೆ ಅಲ್ಲೇ. ಚಪ್ಪಡಿಯ ಸಂದಿಯಲ್ಲಿ ಇಳಿದ ನೀರನ್ನು ಮಣ್ಣು ಕುಡಿಯುತ್ತಿತ್ತು, ಮಿಕ್ಕಿದ್ದು ಮೋರಿ ಹಿಡಿದು ಬಾಳೆಗೋ ತೆಂಗಿಗೋ ಹೋಗುತ್ತಿತ್ತು. ಗೋಡೆ ನೆಂದರೂ ಅದರ ಆಚೆ ಮಲಗುವ ಕೋಣೆ ಇರಲಿಲ್ಲ. ಈಗ ಬಚ್ಚಲು ಮನೆಯೊಳಗೆ ಬಂದಿದೆ, ಮಲಗುವ ಕೋಣೆಗೆ ಅಂಟಿಕೊಂಡಿದೆ, ಮಹಡಿ ಹತ್ತಿದೆ. ತುಮಕೂರಿನ ಎಸ್‌ಐಟಿ ಬಡಾವಣೆ, ಕ್ಯಾತ್ಸಂದ್ರದ ಕಡೆ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು ಇರುವ ಮನೆಗಳಲ್ಲಿ ಮೇಲಿನವರ ಸ್ನಾನದ ನೀರು ಕೆಳಗಿನವರ ಅಡುಗೆಮನೆಗೆ ಇಳಿಯುವುದು ಬರೀ ದುಡ್ಡಿನ ಮಾತಾಗಿ ಉಳಿಯುವುದಿಲ್ಲ, ಮನಸ್ತಾಪಕ್ಕೂ ದಾರಿಯಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಸದಾ ತೇವವಿರುವ ಸ್ಲ್ಯಾಬಿನೊಳಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಚಾವಣಿಯಿಂದ ಚಕ್ಕೆ ಬೀಳಲು ಶುರುವಾದ ಮೇಲೆ ಅದು ಬಚ್ಚಲಿನ ರಿಪೇರಿಯಲ್ಲ, ಮನೆಯ ರಿಪೇರಿ.

ಹಾಗಾದರೆ ವಾಟರ್‌ಪ್ರೂಫಿಂಗ್ ಮಾಡಿಸಿದ ಮನೆಗಳೂ ಯಾಕೆ ಸೋರುತ್ತವೆ? ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಬಚ್ಚಲೊಂದಕ್ಕೆ ಕನಿಷ್ಠ ಮೂವರು ಕೈ ಹಾಕುತ್ತಾರೆ: ಗಾರೆ ಮೇಸ್ತ್ರಿ, ಪ್ಲಂಬರ್, ಟೈಲ್ಸ್ ಮೇಸ್ತ್ರಿ. ಗಾರೆಯವರು ಬಳಿದು ಹೋಗುತ್ತಾರೆ. ಆಮೇಲೆ ಬಂದ ಪ್ಲಂಬರ್ ಕಮೋಡಿನ ಪೈಪ್ ಎರಡು ಇಂಚು ಈಚೆ ಬರಬೇಕೆಂದು ಅದೇ ಪದರದ ಮೇಲೆ ಉಳಿ ಇಡುತ್ತಾರೆ. ಟೈಲ್ಸ್‌ನವರು ಅದೆಲ್ಲದರ ಮೇಲೆ ಗಾರೆ ಹಾಸಿ ಮುಚ್ಚುತ್ತಾರೆ. ಪ್ರತಿಯೊಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ, ಆದರೆ ನೀರು ನಿಲ್ಲುವುದು ಯಾರ ಹೊಣೆಯೂ ಆಗಿರುವುದಿಲ್ಲ. ಆದ್ದರಿಂದ ಯಾವ ಕಂಪನಿಯ ಡಬ್ಬಿ ಎಂಬುದಕ್ಕಿಂತ ಯಾರ ನಂತರ ಯಾರು ಬರಬೇಕು ಎಂಬುದು ಮುಖ್ಯ. ಗೋಡೆ ಕೊರೆಯುವ ಕೆಲಸ, ಗೀಸರ್‌ನ ವೈರಿಂಗ್, ಸೋಲಾರ್ ಬಿಸಿನೀರಿನ ಲೈನ್, ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಕೂರಿಸುವುದು ಎಲ್ಲವೂ ಮೊದಲು ಮುಗಿಯಬೇಕು. ಪೈಪಿನ ಬಾಯಿಗಳನ್ನು ಮುಚ್ಚಿ, ಕೈಪಂಪಿನಿಂದ ನೀರಿನ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕೆಲವು ಗಂಟೆ ನೋಡಬೇಕು. ಪದರ ಬಳಿದ ಮೇಲೆ ಆ ಕೋಣೆಯಲ್ಲಿ ಉಳಿ ಸುತ್ತಿಗೆಯ ಸದ್ದು ಕೇಳಬಾರದು.

ಮನೆ ಯಾವ ಬಗೆಯದು ಎಂಬುದರ ಮೇಲೆ ಕೆಲಸವೂ ಬದಲಾಗುತ್ತದೆ. ನಗರದಲ್ಲಿ ಹೊಸದಾಗಿ ಪ್ಲಾನ್ ಮಾಡಿ ಕಟ್ಟುವ ಮನೆಗಳಲ್ಲಿ ಬಚ್ಚಲಿನ ಭಾಗದ ಸ್ಲ್ಯಾಬನ್ನು ಮುಕ್ಕಾಲಡಿಯಿಂದ ಒಂದಡಿ ತಗ್ಗಿಸಿ ಹಾಕುತ್ತಾರೆ. ಪೈಪುಗಳು ಆ ತಗ್ಗಿನಲ್ಲಿ ಹೋಗುತ್ತವೆ. ಈ ತಗ್ಗು ಒಂದು ತೊಟ್ಟಿಯಿದ್ದಂತೆ. ಒಮ್ಮೆ ನೀರು ಸೇರಿತೆಂದರೆ ಹೊರಹೋಗಲು ದಾರಿಯಿಲ್ಲ. ಅದಕ್ಕೇ ಇಲ್ಲಿ ಎರಡು ಪದರ ಬೇಕು: ಒಂದು ತಗ್ಗಿನ ತಳಕ್ಕೂ ಪಕ್ಕಕ್ಕೂ, ಇನ್ನೊಂದು ತಗ್ಗು ತುಂಬಿಸಿ ಮೇಲೆ ಗಾರೆ ಹಾಕಿದ ನಂತರ, ಟೈಲ್ಸ್‌ನ ಕೆಳಗೆ. ತಳದಲ್ಲಿ ಒಂದು ಸಣ್ಣ ಪೈಪನ್ನು ಹೊರಗೋಡೆಯ ಕಡೆಗೆ ಬಿಟ್ಟರೆ ತಪ್ಪಿ ಇಳಿದ ನೀರು ಅಲ್ಲಿ ತೊಟ್ಟಿಕ್ಕಿ ಮೊದಲೇ ಸುಳಿವು ಕೊಡುತ್ತದೆ. ತಗ್ಗಿಗೆ ಒಡೆದ ಗೋಡೆಯ ಅವಶೇಷ, ಕೆಂಪುಮಣ್ಣು ಸುರಿಯುವುದನ್ನು ಖಡಾಖಂಡಿತವಾಗಿ ಬೇಡವೆನ್ನಿ. ಅವಶೇಷದ ಚೂಪು ಅಂಚು ಪದರವನ್ನು ಹರಿಯುತ್ತದೆ, ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಿ ಪರಿಸ್ಥಿತಿ ಹಲವು ಸಲ ಬೇರೆ. ಮೊದಲು ಕೆಳಮನೆ ಕಟ್ಟಿ, ಕೆಲವು ವರ್ಷದ ಮೇಲೆ ದುಡ್ಡು ಕೂಡಿದಾಗ ತಾರಸಿಯ ಮೇಲೆ ಇನ್ನೊಂದು ಮನೆ ಎಬ್ಬಿಸುತ್ತಾರೆ. ಅಲ್ಲಿ ಸ್ಲ್ಯಾಬ್ ತಗ್ಗಿಸಿರುವುದಿಲ್ಲ, ಹಾಗಾಗಿ ಬಚ್ಚಲಿನ ನೆಲವನ್ನೇ ಎತ್ತರಿಸಿ ಪೈಪ್ ಓಡಿಸಬೇಕಾಗುತ್ತದೆ. ಎತ್ತರಿಸುವ ಮೊದಲು ಹಳೆಯ ತಾರಸಿಯ ಮೇಲಿನ ಸಡಿಲ ಗಾರೆಯನ್ನೆಲ್ಲ ಕೆತ್ತಿ ತೆಗೆದು ಮೂಲ ಕಾಂಕ್ರೀಟಿನ ಮೇಲೆಯೇ ಪದರ ಹಾಕಬೇಕು. ಪೈಪಿಗಾಗಿ ಸ್ಲ್ಯಾಬ್ ಕೊರೆದ ತೂತಿನ ಸುತ್ತ ಉಳಿದ ಜಾಗಕ್ಕೆ ಬರೀ ಸಿಮೆಂಟ್ ಮೆತ್ತಿದರೆ ಒಣಗಿ ಬಿಟ್ಟುಕೊಳ್ಳುತ್ತದೆ; ಕುಗ್ಗದ ಗ್ರೌಟ್ ಎಂದೇ ಚೀಲದಲ್ಲಿ ಸಿಗುತ್ತದೆ, ಅದನ್ನು ತುಂಬಿಸಿ. ಸೋರುವ ಬಚ್ಚಲುಗಳಲ್ಲಿ ಮೊದಲು ಅನುಮಾನಿಸಬೇಕಾದ ಜಾಗ ಈ ಪೈಪಿನ ಸುತ್ತಲ ಸಂದು.

ಬಳಿಯುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ನೆಲ, ಗೋಡೆಯಲ್ಲಿ ಧೂಳು, ಎಣ್ಣೆ, ಸಡಿಲ ಗಾರೆ ಇರಬಾರದು. ಕಾಂಕ್ರೀಟಿನಲ್ಲಿ ಜಲ್ಲಿ ಕಾಣುವ ಹಳ್ಳಗಳಿದ್ದರೆ ಮೊದಲು ತುಂಬಬೇಕು. ನೆಲ ಗೋಡೆ ಕೂಡುವ ಮೂಲೆ ಲಂಬಕೋನವಾಗಿದ್ದರೆ ಪದರ ಅಲ್ಲಿಯೇ ಬಿರಿಯುತ್ತದೆ, ಆದ್ದರಿಂದ ಮೂಲೆಯುದ್ದಕ್ಕೂ ಒಂದು ಒಂದೂವರೆ ಇಂಚು ಗಾರೆಯನ್ನು ಓರೆಯಾಗಿ ಮೆತ್ತಿಸಿ. ಈಗ ಮನೆಬಳಕೆಗೆ ಹೆಚ್ಚಾಗಿ ಬರುವುದು ಸಿಮೆಂಟಿನಂಥ ಪುಡಿ ಮತ್ತು ಹಾಲಿನಂಥ ಅಕ್ರಿಲಿಕ್ ದ್ರವ ಸೇರಿಸಿ ಕಲಸುವ ಲೇಪ. ಡಾ. ಫಿಕ್ಸಿಟ್, ಫಾಸ್‌ರಾಕ್, ಸಿಕಾ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಕೆಲಸ ಸರಿಯಿದ್ದರೆ ಯಾವುದಾದರೂ ಆದೀತು. ಪುಡಿಗೂ ದ್ರವಕ್ಕೂ ಇರುವ ಅನುಪಾತ ಡಬ್ಬಿಯ ಮೇಲೆ ಬರೆದಿರುತ್ತದೆ. ಬ್ರಷ್ ಹಗುರವಾಗಿ ಓಡಲೆಂದು ನೀರು ಬೆರೆಸುವುದು ಇಲ್ಲಿ ಅತಿ ಸಾಮಾನ್ಯವಾದ ತಪ್ಪು. ನೀರು ಬೆರೆತ ಲೇಪ ಬಣ್ಣದಂತೆ ಕಾಣುತ್ತದೆ, ರಬ್ಬರಿನಂತೆ ಹಿಗ್ಗುವುದಿಲ್ಲ. ಗೋಡೆಗೆ ನೀರು ಚಿಮುಕಿಸಿ, ಪಸೆ ಇರುವಾಗ, ಆದರೆ ನೀರು ನಿಂತಿರದಾಗ ಮೊದಲ ಕೋಟ್ ಒಂದು ದಿಕ್ಕಿಗೆ ಎಳೆಯಬೇಕು. ಮೂಲೆಗೂ ಪೈಪಿನ ಸುತ್ತಕ್ಕೂ ಬಲೆಬಟ್ಟೆಯ ಪಟ್ಟಿಯನ್ನು ಹಸಿ ಲೇಪದಲ್ಲೇ ಒತ್ತಿ ಕೂರಿಸಬೇಕು. ಅದು ಒಣಗಿದ ಮೇಲೆ ಎರಡನೆಯ ಕೋಟ್ ಅಡ್ಡ ದಿಕ್ಕಿಗೆ. ಎರಡೂ ಸೇರಿ ಒಂದು ಮಿಲಿಮೀಟರ್ ದಪ್ಪವಾದರೂ ಬರಬೇಕು. ಎರಡನೆಯ ಕೋಟ್ ಹಸಿಯಿರುವಾಗಲೇ ತೊಳೆದು ಒಣಗಿಸಿದ ಮರಳನ್ನು ಚೆಲ್ಲಿದರೆ, ಮೇಲೆ ಬರುವ ಗಾರೆಗೆ ಹಿಡಿತ ಸಿಗುತ್ತದೆ. ನುಣುಪಾದ ಪದರದ ಮೇಲೆ ಟೈಲ್ಸ್ ನಿಲ್ಲುವುದಿಲ್ಲ ಎಂಬ ಟೈಲ್ಸ್ ಮೇಸ್ತ್ರಿಗಳ ಆಕ್ಷೇಪಕ್ಕೆ ಇದೇ ಉತ್ತರ.

ಎಷ್ಟು ಎತ್ತರಕ್ಕೆ ಬಳಿಯಬೇಕು ಎಂಬುದರಲ್ಲಿ ವಿದೇಶಿ ಪುಸ್ತಕಗಳನ್ನು ನಂಬಿದರೆ ಕೆಡುತ್ತೇವೆ. ಅಲ್ಲಿ ಗಾಜಿನ ಮರೆಯೊಳಗೆ ನಿಂತು ಷವರ್ ಹಾಕಿಕೊಳ್ಳುತ್ತಾರೆ, ಉಳಿದ ನೆಲ ಒಣಗಿರುತ್ತದೆ. ನಾವು ಬಕೆಟ್ ಇಟ್ಟುಕೊಂಡು ಚೊಂಬಿನಿಂದ ಸುರಿದುಕೊಳ್ಳುತ್ತೇವೆ, ಅಲ್ಲೇ ಬಟ್ಟೆ ಕುಕ್ಕುತ್ತೇವೆ, ಕೊನೆಗೆ ಇಡೀ ಕೋಣೆಗೆ ನೀರು ಹೊಡೆದು ತೊಳೆಯುತ್ತೇವೆ. ಆದ್ದರಿಂದ ನೆಲ ಪೂರ್ತಿ, ಹೊಸ್ತಿಲಿನ ಕೆಳಗೂ ಸೇರಿ, ಪದರ ಬೇಕು. ಸ್ನಾನ ಮಾಡುವ ಮೂಲೆಯ ಗೋಡೆಗಳಿಗೆ ಆರರಿಂದ ಏಳಡಿ, ಉಳಿದ ಕಡೆ ಕನಿಷ್ಠ ಒಂದಡಿ. ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಗೋಡೆ ಇದ್ದರೆ ಆ ಗೋಡೆಯನ್ನು ಪೂರ್ತಿ ಬಳಿಸಿ. ಸಿಮೆಂಟ್ ಬ್ಲಾಕ್ ನೀರನ್ನು ಧಾರಾಳವಾಗಿ ಹೀರುತ್ತದೆ, ಮತ್ತು ನಮ್ಮ ಮನೆಗಳಲ್ಲಿ ಆಚೆ ಬದಿಯಲ್ಲಿ ಬರುವುದು ಸಾಮಾನ್ಯವಾಗಿ ಬಟ್ಟೆಯ ಬೀರು.

ಈಗ ಪರೀಕ್ಷೆ. ಲೇಪ ಡಬ್ಬಿಯಲ್ಲಿ ಹೇಳಿದಷ್ಟು ದಿನ ಒಣಗಿದ ಮೇಲೆ ನಹಾನಿ ಟ್ರ್ಯಾಪಿನ ಬಾಯನ್ನು ಬಿಗಿಯಾಗಿ ಮುಚ್ಚಿ. ಹೊಸ್ತಿಲಿನಲ್ಲಿ ಗಾರೆಯ ಸಣ್ಣ ಕಟ್ಟೆ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಬಕೆಟ್‌ನಲ್ಲಿ ನೀರು ತುಂಬಿಟ್ಟು ಅದಕ್ಕೂ ಗೆರೆ ಹಾಕಿ. ಎರಡು ದಿನ ಸಾಲದು, ಮೂರು ದಿನ ಬಿಡುವುದು ಒಳ್ಳೆಯದು. ಬಿಸಿಲುಗಾಲದಲ್ಲಿ ನೀರು ಆರಿಹೋಯಿತು, ಸೋರಿದ್ದಲ್ಲ ಎಂಬ ಸಮಜಾಯಿಷಿ ಬರುವುದುಂಟು. ಆ ಬಕೆಟ್ ಇರುವುದು ಅದಕ್ಕೇ: ಬಕೆಟ್‌ನಲ್ಲಿ ಗೆರೆಗಿಂತ ತುಸುವೇ ಇಳಿದು ನೆಲದಲ್ಲಿ ಅರ್ಧ ಇಂಚು ಇಳಿದಿದ್ದರೆ ಆ ವ್ಯತ್ಯಾಸ ಸೋರಿಕೆಯೇ. ದಿನಕ್ಕೆರಡು ಸಲ ಕೆಳಗಿನ ಚಾವಣಿಯನ್ನೂ ಪಕ್ಕದ ಗೋಡೆಗಳ ಬುಡವನ್ನೂ ಟಾರ್ಚ್ ಬಿಟ್ಟು ನೋಡಿ, ಕೈಯಿಂದ ಮುಟ್ಟಿ ನೋಡಿ. ತೇವ ಕಂಡರೆ ಈಗ ಆಗುವ ನಷ್ಟ ಅರ್ಧ ಡಬ್ಬಿ ಲೇಪ ಮತ್ತು ಒಂದು ದಿನದ ಕೂಲಿ. ಅದೇ ತೇವ ಟೈಲ್ಸ್ ಹಾಕಿದ ಮೇಲೆ ಕಂಡರೆ ಟೈಲ್ಸ್, ಗಾರೆ, ಕಮೋಡ್ ಎಲ್ಲ ಕಿತ್ತು, ಅವಶೇಷ ಸಾಗಿಸಿ, ಸಿಗದೇ ಹೋದ ಹಳೆಯ ವಿನ್ಯಾಸದ ಟೈಲ್ಸ್‌ಗೆ ಅಂಗಡಿ ಅಲೆಯಬೇಕು. ವಾಟರ್‌ಪ್ರೂಫಿಂಗ್ ದಂಡದ ಖರ್ಚು ಎನ್ನುವವರು ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಬರೆದು ನೋಡಲಿ. ಕೆಲಸ ಒಂದು ವಾರ ಹಿಂದೆ ಬೀಳುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ನೀರು ನಿಂತಿರುವ ದಿನಗಳಲ್ಲಿ ಪೇಂಟಿನ ಪುಟ್ಟಿ, ಬಾಗಿಲ ಕೆಲಸ, ವೈರಿಂಗ್ ಮನೆಯ ಬೇರೆ ಕಡೆ ನಡೆಯಬಹುದು.

ಪರೀಕ್ಷೆ ಗೆದ್ದ ಪದರವನ್ನು ಟೈಲ್ಸ್ ಹಾಕುವಾಗ ಕೆಡಿಸಬಾರದು. ನೀರು ಇಳಿಸಿದ ಕೂಡಲೇ ಮೇಲೊಂದು ಗಾರೆಯ ಹೊದಿಕೆ ಹಾಕಿಸಿ, ಕರಣೆ ಸುತ್ತಿಗೆ ಬಿದ್ದರೂ ಪದರ ಹರಿಯುವುದಿಲ್ಲ. ವಾಟ, ಅಂದರೆ ಇಳಿಜಾರು, ಈ ಹಂತದಲ್ಲೇ ಬರಬೇಕು, ಮೀಟರಿಗೆ 10ರಿಂದ 12 ಮಿಲಿಮೀಟರ್ ಟ್ರ್ಯಾಪಿನ ಕಡೆಗೆ. ಟೈಲ್ಸ್ ಕೂರಿಸುವಾಗ ಕೊಡುವ ವಾಟ ಅಂದಾಜಿನದಾಗುತ್ತದೆ. ಗೋಡೆಯ ಟೈಲ್ಸ್‌ನ ಬೆನ್ನಿಗೆ ನಡುವೆ ಒಂದು ಮುದ್ದೆ ಸಿಮೆಂಟ್ ಹಚ್ಚಿ ಒತ್ತಿದರೆ ನಾಲ್ಕೂ ಮೂಲೆ ಟೊಳ್ಳಾಗಿ ಉಳಿದು ನೀರು ಅಲ್ಲಿ ನಿಲ್ಲುತ್ತದೆ. ಐಎಸ್ 15477 ಗುರುತಿನ ಟೈಲ್ಸ್ ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಹರಡುವುದು ಮೇಲು. ಟೈಲ್ಸನ್ನು ಒಂದಕ್ಕೊಂದು ತಾಗಿಸದೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು ಎಪಾಕ್ಸಿ ತುಂಬಿಸಿದರೆ ಗಡಸು ನೀರಿಗೂ ಆಸಿಡ್‌ಗೂ ಬಿಳಿ ಸಿಮೆಂಟಿಗಿಂತ ಎಷ್ಟೋ ಪಾಲು ಚೆನ್ನಾಗಿ ತಡೆದುಕೊಳ್ಳುತ್ತದೆ. ಬಿಸಿನೀರಿನ ಪೈಪು ಹಿಗ್ಗಿ ಕುಗ್ಗುವುದರಿಂದ ನಲ್ಲಿಯ ಬುಡಕ್ಕೆ ಸಿಮೆಂಟ್ ಬೇಡ, ಸಿಲಿಕಾನ್ ಹಾಕಿಸಿ. ಕೊನೆಗೆ ಗೀಸರ್, ಟವೆಲ್ ಕಡ್ಡಿಗೆ ಕೊರೆಯುವ ಪ್ರತಿ ತೂತಿಗೂ ಸ್ಕ್ರೂ ಹಾಕುವ ಮೊದಲು ಸಿಲಿಕಾನ್ ತುಂಬಿಸಿ.

ಗಾರೆಗೆ ವಾಟರ್‌ಪ್ರೂಫ್ ದ್ರವ ಬೆರೆಸಿದ್ದೇವೆ, ಇನ್ನೇನು ಬೇಕು ಎನ್ನುವ ಗುತ್ತಿಗೆದಾರರ ಮಾತಿನಲ್ಲಿ ಅರ್ಧ ಸತ್ಯವಿದೆ. ಐಎಸ್ 2645ಕ್ಕೆ ಒಳಪಟ್ಟ ಅಂಥ ದ್ರವ, ಪುಡಿಗಳು ಗಾರೆಯ ರಂಧ್ರಗಳನ್ನು ಕಡಿಮೆ ಮಾಡುತ್ತವೆ, ನಿಜ. ಆದರೆ ಗಾರೆ ಬಿರಿದರೆ ಆ ಬಿರುಕನ್ನು ಅವು ಮುಚ್ಚಲಾರವು, ಪೈಪಿನ ಸುತ್ತಲ ಸಂದಿಗೆ ಅವುಗಳಿಂದ ಪ್ರಯೋಜನವಿಲ್ಲ. ನೆಲಮಹಡಿಯ ಬಚ್ಚಲಿಗೆ ಇದೆಲ್ಲ ಬೇಕೇ ಎಂಬ ಪ್ರಶ್ನೆ ಹೆಚ್ಚು ನ್ಯಾಯವಾದದ್ದು. ಕೆಳಗೆ ಯಾರ ಚಾವಣಿಯೂ ಇಲ್ಲ, ಆದ್ದರಿಂದ ತಗ್ಗು, ಎರಡು ಪದರ ಬೇಕಿಲ್ಲ. ಆದರೆ ನೆಲಕ್ಕೆ ಇಳಿದ ನೀರು ಗೋಡೆಯ ಬುಡ ಹಿಡಿದು ಮೇಲೇರುತ್ತದೆ, ತನ್ನೊಡನೆ ಉಪ್ಪನ್ನು ತರುತ್ತದೆ, ಪೇಂಟಿನ ಅಡಿಯಲ್ಲಿ ಬಿಳಿ ಪುಡಿಯಾಗಿ ಅರಳುತ್ತದೆ. ಒಂದು ಪದರ ಅಲ್ಲಿಗೂ ಬೇಕು.

ಈಗಾಗಲೇ ಸೋರುತ್ತಿರುವ ಬಚ್ಚಲಿದ್ದರೆ ಒಡೆಯುವ ಮೊದಲು ಮೂಲ ಹುಡುಕಿ. ಸ್ನಾನ ಮಾಡದ ದಿನವೂ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಅನುಮಾನ ನಲ್ಲಿಯ ಲೈನ್ ಮೇಲೆ. ರಾತ್ರಿ ಟ್ಯಾಂಕಿನ ವಾಲ್ವ್ ಮುಚ್ಚಿ ಬೆಳಿಗ್ಗೆ ನೋಡಿದರೆ ತಿಳಿಯುತ್ತದೆ. ಬಳಸಿದಾಗ ಮಾತ್ರ ಸೋರಿದರೆ ದೋಷ ನೆಲದಲ್ಲೋ ಟ್ರ್ಯಾಪಿನಲ್ಲೋ ಇದೆ. ಜಾಯಿಂಟ್ ಕೆರೆದು ಎಪಾಕ್ಸಿ ತುಂಬಿಸುವುದು ಆಗ ಮೊದಲ ಪ್ರಯತ್ನವಾಗಬಹುದು, ಸೋರಿಕೆ ಸಣ್ಣದಿದ್ದರೆ ಕೆಲವು ವರ್ಷ ನಿಭಾಯಿಸಲೂಬಹುದು. ಪೈಪಿನ ಸುತ್ತಲ ಸಂದು ಬಿಟ್ಟಿದ್ದರೆ ಮೇಲಿನಿಂದ ಎಷ್ಟು ಹಚ್ಚಿದರೂ ನಿಲ್ಲುವುದಿಲ್ಲ. ಕೆಳಗಿನ ಚಾವಣಿಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಸುವುದು ಯಾವ ಸಂದರ್ಭದಲ್ಲೂ ರಿಪೇರಿಯಲ್ಲ.

ಮನೆ ಕಟ್ಟಿಸಲು ಹೊರಟವರಿಗೆ ಒಂದು ಮಾತು. ಚದರಕ್ಕೆ ಇಷ್ಟೆಂದು ಗುತ್ತಿಗೆ ಮಾತಾಡುವಾಗ ‘ವಾಟರ್‌ಪ್ರೂಫಿಂಗ್ ಸೇರಿ’ ಎಂಬ ಎರಡು ಪದಕ್ಕೆ ಒಪ್ಪಬೇಡಿ. ಯಾವ ಲೇಪ, ಎಷ್ಟು ಕೋಟ್, ಗೋಡೆಗೆ ಎಷ್ಟಡಿ, ಪೈಪಿನ ಕೆಲಸ ಯಾವಾಗ ಮುಗಿಯಬೇಕು ಎಂದು ಬರೆಸಿಕೊಳ್ಳಿ. ಮೂರು ದಿನ ನೀರು ನಿಲ್ಲಿಸಿ ಮಾಲೀಕರಿಗೆ ತೋರಿಸಿದ ಮೇಲೆಯೇ ಟೈಲ್ಸ್ ಎಂಬ ಸಾಲನ್ನೂ ಸೇರಿಸಿ, ಆ ಹಂತದ ಹಣವನ್ನು ಅಲ್ಲಿಯವರೆಗೆ ಹಿಡಿದಿಡಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರಿಸುವುದಿಲ್ಲ; ಮುಂದೆ ಸೋರಿದರೆ ಮೊದಲು ಕೇಳಿಬರುವುದು ಅವರ ಹೆಸರೇ ಎಂದು ಅವರಿಗೆ ಗೊತ್ತಿರುತ್ತದೆ.